ಕಾವೇರಿಯ ದಡದ ಒಂದು ಯುದ್ಧಚಿತ್ರ

ಲಂಡನ್ ನಗರದ ಟೇಟ್ ಚಿತ್ರಶಾಲೆಯ ಸಂಗ್ರಹದಲ್ಲಿ ನಮ್ಮ ನಾಡಿನ ಚರಿತ್ರೆಗೆ ಸಂಬಂಧಪಟ್ಟ ಒಂದು ಚಿತ್ರವುಂಟು. ಕಾಗದದ ಮೇಲೆ ನೀರುಬಣ್ಣದಿಂದ ಬರೆದ ಚಿತ್ರ. ‘ಶ್ರೀರಂಗಪಟ್ಟಣದ ಮುತ್ತಿಗೆ’ ಎಂದು ಅದರ ಹೆಸರು. ಬರೆದ ಕಾಲ ಸುಮಾರು ೧೮೦೦. ಚಿತ್ರಕಾರನು ಜೆ. ಎಂ. ಡಬ್ಲ್ಯು. ಟರ್ನರ್. ಇಂಗ್ಲೆಂಡಿನ ಚಿತ್ರಕಲೆಯ ಚರಿತ್ರೆಯಲ್ಲಿ ಮುಂದೆ ಅಗ್ರಗಣ್ಯನೆನಿಸಿದ ಈತನಿಗೆ ಆಗ ಇಪ್ಪತ್ತೈದರ ಪ್ರಾಯ. ಹಿಂದಿನ ವರ್ಷವಷ್ಟೇ ಅಲ್ಲಿಯ ರಾಯಲ್ ಅಕಾಡೆಮಿಯು ಅವನನ್ನು ಸಹಸದಸ್ಯನನ್ನಾಗಿ ಚುನಾಯಿಸಿದ್ದಿತು. ಚಿತ್ರದಲ್ಲಿ ಕಾವೇರಿ ಇದೆ. ನದಿಯಾಚೆ ಕೋಟೆಯ ಗೋಡೆ ಇದೆ. ಗೋಡೆಯ ಮೇಲೆ ಯುದ್ಧದ ಹೊಗೆ ಮುಸುಕಿದೆ. ಆಕಾಶವೂ ನೀರೂ ಒಂದರ ಬೆಳಕನ್ನು ಮತ್ತೊಂದು ಹಂಚಿಕೊಂಡಿವೆ. ನೋಡಿದವರಿಗೆ, ಬರೆದಾತನು ಆ ದಡದಲ್ಲಿಯೇ ನಿಂತು ಬರೆದಿರಬೇಕೆಂದು ತೋರುವುದು.

ಆದರೆ ಟರ್ನರನು ಕಾವೇರಿಯನ್ನು ಕಂಡವನಲ್ಲ. ಅವನು ಹಿಂದೂದೇಶಕ್ಕೆ ಎಂದೂ ಬರಲಿಲ್ಲ. ಇತರರು ಸ್ಥಳದಲ್ಲಿ ಬರೆದು ತಂದ ರೇಖಾಚಿತ್ರಗಳನ್ನು ಮುಂದಿರಿಸಿಕೊಂಡು, ತಾನು ಬಲ್ಲ ನೀರನ್ನೂ ತಾನು ಬಲ್ಲ ಬೆಳಕನ್ನೂ ಅವುಗಳಿಗೆ ಸೇರಿಸಿ, ಲಂಡನ್ನಿನಲ್ಲಿ ಕುಳಿತು ಆತನು ಈ ಚಿತ್ರವನ್ನು ಬರೆದನು. ಇದರಿಂದ ಆಕ್ಷೇಪಕ್ಕೇನೂ ಕಾರಣವಿಲ್ಲ. ಕಾಣದ ದೇಶವನ್ನು ಬರೆಯುವುದು ಆ ಕಾಲದ ಚಿತ್ರಕಾರರ ವೃತ್ತಿಯಲ್ಲಿ ಒಂದು ಭಾಗವೇ ಆಗಿದ್ದಿತು. ಟರ್ನರನು ತನ್ನ ಮುಪ್ಪಿನಲ್ಲಿ ಹಿಮಾಲಯದ ದೃಶ್ಯಗಳನ್ನು ಕೂಡ ಹೀಗೆಯೇ ಒಬ್ಬ ಸೈನ್ಯಾಧಿಕಾರಿಯ ರೇಖಾಚಿತ್ರಗಳ ಆಧಾರದಿಂದ ಬರೆದನು. ಆದರೂ ಚರಿತ್ರೆಯನ್ನು ಓದುವ ನಮಗೆ ಒಂದು ಪ್ರಶ್ನೆ ಏಳದಿರದು. ಇಂಥ ಚಿತ್ರವನ್ನು ನಾವು ಎಷ್ಟರಮಟ್ಟಿಗೆ ನಂಬಬೇಕು? ನಮ್ಮ ನದಿಯ ದಡದಲ್ಲಿ ನಡೆದುದರ ವಿಷಯದಲ್ಲಿ ಅದು ಹೇಳುವ ಸಾಕ್ಷಿ ಯಾವುದು, ಹೇಳದೆ ಉಳಿಸಿದುದು ಯಾವುದು? ಈ ಭಾಷಣದ ವಿಷಯವು ಇದೇ.

ಮೊದಲು ನದಿಯ ಮಾತು. ಶ್ರೀರಂಗಪಟ್ಟಣವು ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲವುಳ್ಳ ದ್ವೀಪ. ಪಶ್ಚಿಮದ ತುದಿಯಲ್ಲಿ ಕಾವೇರಿ ಕವಲೊಡೆದು, ಪೂರ್ವದ ತುದಿಯಲ್ಲಿ ಮತ್ತೆ ಕೂಡುತ್ತಾಳೆ. ಕೋಟೆ ನಿಂತಿರುವುದು ಆ ಪಶ್ಚಿಮದ ತುದಿಯಲ್ಲಿ. ಯಾತ್ರಿಕರು ಇದನ್ನು ರಂಗನಾಥನ ಸನ್ನಿಧಿಯೆಂದು ಬಲ್ಲರು. ಆದರೆ ದಳಪತಿಯಾದವನು ಇದನ್ನು ಎರಡು ಋತುಗಳ ಕೋಟೆಯೆಂದು ಬಲ್ಲನು. ಬೇಸಗೆಯಲ್ಲಿ ಹೊಳೆ ಸೊರಗಿ, ಬಂಡೆಗಳ ನಡುವೆ ಕಾಲುವೆ ಕಾಲುವೆಯಾಗಿ ಹರಿಯುವುದು, ಕಾಲಾಳುಗಳು ದಾಟಬಹುದು. ಕೊಡಗಿನ ಬೆಟ್ಟಗಳ ಮೇಲೆ ಮುಂಗಾರು ಸುರಿಯತೊಡಗಿತೆಂದರೆ ಕೆಲವೇ ದಿನಗಳಲ್ಲಿ ಅದೇ ಹೊಳೆ ದಡದಿಂದ ದಡಕ್ಕೆ ಕೆಂಪುನೀರಾಗಿ ತುಂಬಿ ಬರುವುದು. ಹರಿಗೋಲು ಹಾಕುವವನು ಕೂಡ ಹಿಂದೆಮುಂದೆ ನೋಡಬೇಕಾಗುವುದು. ಆದುದರಿಂದ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುವವನು ಎರಡು ಶತ್ರುಗಳೊಡನೆ ಹೋರಬೇಕಾಗಿದ್ದಿತು: ಕೋಟೆಯೊಳಗಣ ಸುಲ್ತಾನನೊಬ್ಬನು, ಪಂಚಾಂಗವೊಂದು.

ಈ ಪಾಠವನ್ನು ಇಂಗ್ಲಿಷರು ೧೭೯೧ನೆಯ ಇಸವಿಯಲ್ಲಿ ಕಲಿತರು. ಆ ವರ್ಷದ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಬಂದನು. ಮೇ ೧೫ರಂದು ಅರಕೆರೆಯ ಹತ್ತಿರ ಯುದ್ಧವಾಗಿ, ಟಿಪ್ಪುವಿನ ಸೈನ್ಯವು ಕೋಟೆಯೊಳಕ್ಕೆ ಸರಿಯಿತು. ಗೆಲವು ಇಂಗ್ಲಿಷರದೇ. ಆದರೆ ಗೆದ್ದವರ ಪಾಳೆಯದಲ್ಲಿ ದವಸವಿರಲಿಲ್ಲ, ಫಿರಂಗಿ ಎಳೆಯುವ ಎತ್ತುಗಳು ಸಾಯುತ್ತಿದ್ದುವು, ಮಳೆ ಹಿಡಿದುಕೊಂಡಿತ್ತು, ಮಲೆಯಾಳದ ಕಡೆಯಿಂದ ಬಂದಿದ್ದ ಇನ್ನೊಂದು ಇಂಗ್ಲಿಷ್ ದಂಡನ್ನು ಕೂಡಿಕೊಳ್ಳಲು ಹೊಳೆ ದಾಟಬೇಕಾಗಿತ್ತು, ದಾಟುವ ಹಾಗಿರಲಿಲ್ಲ. ಮೇ ೨೨ರಂದು ಕನ್ನಂಬಾಡಿಯ ಬಳಿ ಕಾರ್ನ್‌ವಾಲಿಸನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಿರುಗಿದನು. ಕನ್ನಂಬಾಡಿಯೆಂಬ ಹೆಸರನ್ನು ಕೇಳಿದೊಡನೆ ಇಂದು ನಮ್ಮೆಲ್ಲರ ಮನಸ್ಸಿಗೆ ಕೃಷ್ಣರಾಜಸಾಗರವು ಬರುತ್ತದೆ. ದಿಕ್ಕೆಟ್ಟ ಒಂದು ಸೈನ್ಯವು ತನ್ನ ಫಿರಂಗಿಗಳನ್ನೇ ಮುರಿದುಕೊಂಡುದೂ ಅಲ್ಲಿಯೇ ಎಂಬುದನ್ನು ಮರೆತಿದ್ದೇವೆ.

ಮರುವರ್ಷ ಫೆಬ್ರವರಿ ಆರನೆಯ ತಾರೀಖಿನ ರಾತ್ರಿ, ಹೊಳೆ ಇಳಿದಿದ್ದ ಕಾಲದಲ್ಲಿ, ಕಾರ್ನ್‌ವಾಲಿಸನು ಮತ್ತೆ ಮೇಲೆ ಬಿದ್ದನು. ಇಂಗ್ಲಿಷ್ ಪಡೆಯು ದ್ವೀಪದ ಪೂರ್ವಭಾಗವನ್ನು ಹಿಡಿಯಿತು. ಟಿಪ್ಪು ತನ್ನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿ ಸಂಧಿ ಮಾಡಿಕೊಳ್ಳಬೇಕಾಯಿತು. ಏಳು ವರ್ಷಗಳಾದ ಮೇಲೆ, ೧೭೯೯ರ ಏಪ್ರಿಲಿನಲ್ಲಿ, ಜನರಲ್ ಹ್ಯಾರಿಸನ ದಂಡು ಇದೇ ಹೊಳೆಯ ಪಶ್ಚಿಮಕ್ಕೆ ಬಂದು ಇಳಿಯಿತು. ಈ ಸಲವೂ ದವಸವು ಮುಗಿಯುತ್ತ ಬಂದಿದ್ದಿತು. ಈ ಸಲವೂ ಮುಂಗಾರು ಬಾಗಿಲಲ್ಲಿಯೇ ನಿಂತಿದ್ದಿತು. ಮೇ ಮೂರರ ವೇಳೆಗೆ ಕೋಟೆಯ ವಾಯವ್ಯದ ಮೂಲೆಯ ಬಳಿ ಗೋಡೆ ಒಡೆಯಿತು. ಆ ರಾತ್ರಿ ಅಧಿಕಾರಿಗಳು ಹೊಳೆಗಿಳಿದು ಆಳವನ್ನು ನೋಡಿಕೊಂಡು ಬಂದರು. ಮೇ ೪ರ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಜನರಲ್ ಬೇರ್ಡನ ಕೈಕೆಳಗಿನ ಪಡೆಗಳು ಕಂದಕದಿಂದ ಎದ್ದು, ಬಂಡೆಗಳ ನಡುವೆ ನೀರು ತುಳಿದುಕೊಂಡು ಹೊಳೆ ದಾಟಿ, ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೇರಿದುವು. ಸಂಜೆಯ ಹೊತ್ತಿಗೆ ಕೋಟೆ ಬಿದ್ದಿತ್ತು. ಸುಲ್ತಾನನು ಹೆಣಗಳ ರಾಶಿಯ ನಡುವೆ ಹೆಣವಾಗಿದ್ದನು. ಮರುದಿನ ಲಾಲ್‌ಬಾಗಿನ ಗುಂಬಜಿನಲ್ಲಿ ತಂದೆಯ ಪಕ್ಕದಲ್ಲಿ ಅವನನ್ನು ಸಮಾಧಿ ಮಾಡಿದರು. ಆ ಸಂಜೆಯೇ ಸಿಡಿಲು ಮಿಂಚುಗಳೊಡನೆ ಬಿರುಮಳೆ ಹೊಡೆಯಿತು. ಇಂಗ್ಲಿಷರ ಕೆಲಸವು ತಡವಾಗಿದ್ದರೆ ಹೊಳೆ ಯಾರ ಪಕ್ಷ ವಹಿಸುತ್ತಿದ್ದಿತೆಂಬುದನ್ನು ಶ್ರೋತೃಗಳು ತಾವೇ ಊಹಿಸಬಹುದು.

ಟರ್ನರನ ಚಿತ್ರದಲ್ಲಿ ಸೊಗಸಾಗಿ ಹೊಳೆಯುತ್ತಿರುವ ನೀರೆಂದರೆ ಈ ನೀರು. ನೋಡುವವರಿಗೆ ಅದು ಅಂದವಾದ ಮುನ್ನೆಲೆ. ಆ ದಿನ ಅಲ್ಲಿ ನಿಂತಿದ್ದವರಿಗೆ ಅದು ಮೊಣಕಾಲೆತ್ತರವೋ ಎದೆಯೆತ್ತರವೋ ಎಂಬುದೇ ಜೀವನ್ಮರಣದ ಪ್ರಶ್ನೆ.

ಇನ್ನು, ಇಂಥ ಚಿತ್ರಗಳು ಹುಟ್ಟಿದ ಬಗೆಯನ್ನು ನೋಡೋಣ. ಕತ್ತಿ ಹಿಡಿದ ಸೈನ್ಯದಲ್ಲಿ ಕುಂಚ ಹಿಡಿದವರು ಹೇಗೆ ಬಂದರು? ಕಾರಣವು ಸರಳವಾದುದು. ಹದಿನೆಂಟನೆಯ ಶತಮಾನದ ಸೈನ್ಯಕ್ಕೆ ಚಿತ್ರವು ವಿನೋದವಲ್ಲ, ಆಯುಧ. ಛಾಯಾಚಿತ್ರವು ಹುಟ್ಟದಿದ್ದ ಆ ಕಾಲದಲ್ಲಿ ಬೆಟ್ಟ ಎಷ್ಟು ಕಡಿದು, ಗೋಡೆ ಎಷ್ಟೆತ್ತರ, ಹೊಳೆಯ ದಡ ಎಲ್ಲಿ ಇಳಿಜಾರು, ಫಿರಂಗಿಯನ್ನು ಎಲ್ಲಿ ಹೂಡಬಹುದು ಎಂಬುದನ್ನೆಲ್ಲ ಮೇಲಧಿಕಾರಿಗೆ ತಿಳಿಸಬೇಕಾದರೆ ಕಣ್ಣಾರೆ ಕಂಡವನು ಬರೆದು ತೋರಿಸಬೇಕಾಗಿತ್ತು. ಇಂಗ್ಲೆಂಡಿನ ವುಲಿಚ್ ಎಂಬಲ್ಲಿ ಫಿರಂಗಿ ದಳದವರಿಗೂ ಇಂಜಿನಿಯರುಗಳಿಗೂ ಶಿಕ್ಷಣ ಕೊಡುತ್ತಿದ್ದ ರಾಜಕೀಯ ಸೈನಿಕ ವಿದ್ಯಾಶಾಲೆಯಲ್ಲಿ ೧೭೬೮ರಿಂದ ೧೭೯೬ರವರೆಗೆ ಚಿತ್ರೋಪಾಧ್ಯಾಯನಾಗಿದ್ದವನು ಪಾಲ್ ಸ್ಯಾಂಡ್ಬಿ. ಇಂಗ್ಲಿಷ್ ನೀರುಬಣ್ಣದ ಚಿತ್ರಕಲೆಯ ಪಿತಾಮಹನೆಂದು ಹಲವರು ಕರೆಯುವುದು ಈತನನ್ನೇ. ಒಂದು ಕಲಾಸಂಪ್ರದಾಯವೂ ಒಂದು ಯುದ್ಧವಿದ್ಯೆಯೂ ಒಬ್ಬನೇ ಗುರುವಿನ ಕೈಯಲ್ಲಿ ಬೆಳೆದುವೆಂಬುದು ಗಮನಿಸತಕ್ಕ ಸಂಗತಿ.

ಸಾಧನಗಳೂ ಅದೇ ಕಾಲಕ್ಕೆ ಒದಗಿಬಂದುವು. ಅದುವರೆಗೆ ಚಿತ್ರಕಾರನು ಬಣ್ಣವನ್ನು ತಾನೇ ಅರೆದು, ಗೋಂದು ಬೆರಸಿ, ಸಿದ್ಧಪಡಿಸಿಕೊಳ್ಳಬೇಕಾಗಿದ್ದಿತು. ಲಂಡನ್ನಿನ ರೀವ್ಸ್ ಎಂಬ ವ್ಯಾಪಾರಿಯು ನೀರಿನಲ್ಲಿ ಉಜ್ಜಿದೊಡನೆ ಕರಗುವ ಗಟ್ಟಿಬಣ್ಣದ ಬಿಲ್ಲೆಗಳನ್ನು ಮಾಡಿದನು. ೧೭೮೧ರಲ್ಲಿ ಅಲ್ಲಿಯ ಕಲಾಸಂಘವು ಇದಕ್ಕಾಗಿ ಬಹುಮಾನ ಕೊಟ್ಟಿತು. ನುಣುಪಾದ ಹೊಸ ಬಗೆಯ ಕಾಗದವೂ ಬಂದಿತ್ತು. ಒಂದು ಸಣ್ಣ ಪೆಟ್ಟಿಗೆ, ಎರಡು ಕುಂಚ, ಒಂದು ಬಟ್ಟಲು ನೀರು: ಇಷ್ಟಿದ್ದರೆ ಡೇರೆಯ ನೆರಳಲ್ಲಿ ಕುಳಿತು ಗಳಿಗೆಯೊಳಗೆ ಬರೆಯಬಹುದು. ತೈಲವರ್ಣವು ಒಣಗಲು ದಿನಗಳು ಬೇಕು. ನೀರುಬಣ್ಣವು ನಮ್ಮ ಬಿಸಿಲಿನಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಣಗುತ್ತದೆ. ನಡೆದುಹೋಗುವ ಸೈನ್ಯಕ್ಕೆ ಅದಕ್ಕಿಂತ ಅನುಕೂಲವಾದ ಬಣ್ಣವುಂಟೆ?

ಮೈಸೂರಿನ ಮೂರನೆಯ ಯುದ್ಧದಲ್ಲಿ ಹೀಗೆ ಬರೆದವರು ಹಲವರು. ರಾಬರ್ಟ್ ಹ್ಯೋಮ್ ಎಂಬಾತನು ಸೈನಿಕನಲ್ಲ, ವೃತ್ತಿಯ ಚಿತ್ರಕಾರ; ೧೭೯೧ರಲ್ಲಿ ಮದರಾಸಿಗೆ ಬಂದು, ಅನುಮತಿ ಪಡೆದು ಕಾರ್ನ್‌ವಾಲಿಸನ ದಂಡಿನೊಡನೆ ಹೊರಟನು. ಬೆಂಗಳೂರು, ಸಾವನದುರ್ಗ, ಶಿವಗಂಗೆ, ಶ್ರೀರಂಗಪಟ್ಟಣಗಳ ದೃಶ್ಯಗಳುಳ್ಳ ಅವನ ಪುಸ್ತಕವು ೧೭೯೪ರಲ್ಲಿ ಅಚ್ಚಾಯಿತು. ಅಳತೆಯ ಇಲಾಖೆಯ ರಾಬರ್ಟ್ ಹೈಡ್ ಕೋಲ್‌ಬ್ರೂಕನು ಮೈಸೂರು ಸೀಮೆಯ ಹನ್ನೆರಡು ದೃಶ್ಯಗಳನ್ನು ಬರೆದು ಪ್ರಕಟಿಸಿದನು. ಈತನು ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದನು. ಕ್ಯಾಪ್ಟನ್ ಅಲೆಗ್ಸಾಂಡರ್ ಅಲನನ ಸಂಪುಟವೂ ೧೭೯೪ರಲ್ಲಿಯೇ ಹೊರಬಿದ್ದಿತು. ಫಿರಂಗಿ ದಳದ ಜೇಮ್ಸ್ ಹಂಟರನು ೧೭೯೨ರಲ್ಲಿಯೇ ತೀರಿಕೊಂಡನಾದರೂ ಅವನ ಚಿತ್ರಗಳು ಹನ್ನೆರಡು ಹದಿಮೂರು ವರ್ಷಗಳಾದ ಮೇಲೆ ಲಂಡನ್ನಿನಲ್ಲಿ ಅಚ್ಚಾದುವು. ಇವುಗಳಲ್ಲಿ ಹಲವು ಚಿತ್ರಗಳನ್ನು ಅಚ್ಚುಹಾಕಿದುದು ತಾಮ್ರದ ತಗಡಿನ ಮೇಲೆ ನೀರುಬಣ್ಣದ ನೆರಳುಬೆಳಕುಗಳನ್ನೇ ಹೋಲುವಂತೆ ಆಮ್ಲದಿಂದ ಕೊರೆಯುವ ವಿಧಾನದಿಂದ. ಇಂಗ್ಲೆಂಡಿನಲ್ಲಿ ಆ ವಿಧಾನವನ್ನು ಬಳಕೆಗೆ ತಂದವನೂ ಮೇಲೆ ಹೇಳಿದ ಸ್ಯಾಂಡ್ಬಿಯೇ.

ಈ ಚಿತ್ರಗಳಿಗೆ ನಾವು ಋಣಿಗಳೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಅಂದಿನ ಬೆಂಗಳೂರಿನ ಕೋಟೆ ಹೇಗಿತ್ತು, ದ್ವೀಪದ ಪೂರ್ವಭಾಗದ ತೋಟ ಹೇಗಿತ್ತು, ರಂಗನಾಥನ ಗೋಪುರವೂ ಮಸೀದಿಯ ಮಿನಾರುಗಳೂ ಹೊಳೆಯಾಚೆಯಿಂದ ಹೇಗೆ ಕಾಣುತ್ತಿದ್ದುವು ಎಂಬುದನ್ನು ನಮ್ಮವರಾರೂ ಈ ಬಗೆಯಲ್ಲಿ ಬರೆದಿಡಲಿಲ್ಲ. ಬಿದ್ದುಹೋದ ಗೋಡೆಯನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಬೇಕಾದ ಚರಿತ್ರಕಾರನು ಈ ಪುಸ್ತಕಗಳ ಬಾಗಿಲಿಗೇ ಹೋಗಬೇಕು.

ಆದರೆ ಆ ತೋಟದ ವಿಷಯವನ್ನೇ ಸ್ವಲ್ಪ ವಿಚಾರಿಸೋಣ. ಲಾಲ್‌ಬಾಗೂ ಹೈದರನ ಗುಂಬಜೂ ಕೋಲ್‌ಬ್ರೂಕನ ಕುಂಚಕ್ಕೆ ಪ್ರಿಯವಾದ ವಸ್ತುಗಳು. ಚಿತ್ರದ ಪುಟದಲ್ಲಿ ಅವು ಶಾಂತಿಯ ನೆಲೆಗಳಾಗಿ ತೋರುತ್ತವೆ. ಅದೇ ದಂಡಿನಲ್ಲಿದ್ದ ಮೇಜರ್ ಡೈರಮ್ ಎಂಬಾತನು ೧೭೯೩ರಲ್ಲಿ ಪ್ರಕಟಿಸಿದ ವೃತ್ತಾಂತವನ್ನು ಓದಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ೧೭೯೨ರ ಫೆಬ್ರವರಿಯಲ್ಲಿ ದ್ವೀಪವನ್ನು ಹಿಡಿದ ಮೇಲೆ, ಮುತ್ತಿಗೆಗೆ ಬೇಕಾದ ಬುಟ್ಟಿಗಳಿಗೂ ಕಟ್ಟುಗಳಿಗೂ ಕಟ್ಟಿಗೆ ಬೇಕಾಯಿತು. ಸುಲ್ತಾನನು ಸಾಲಾಗಿ ಬೆಳಸಿದ್ದ ನೀಳವಾದ ಸೈಪ್ರೆಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದು ಹಾಕಿದರು. ತೋಟದ ಅರಮನೆಯು ಗಾಯಗೊಂಡವರ ಆಸ್ಪತ್ರೆಯಾಯಿತು. ಚಿತ್ರವೂ ಸತ್ಯ, ವೃತ್ತಾಂತವೂ ಸತ್ಯ. ಮರ ಕಡಿಯುವ ಮುಂಚಿನ ಅಂದವನ್ನು ಚಿತ್ರವು ಉಳಿಸಿಕೊಟ್ಟಿತು. ಕೊಡಲಿ ಯಾರ ಕೈಯಲ್ಲಿತ್ತೆಂಬುದನ್ನು ಮಾತ್ರ ಅದು ಹೇಳಲಿಲ್ಲ.

ಇದು ಚಿತ್ರಕಾರರ ಅಪ್ರಾಮಾಣಿಕತೆಯೆಂದು ನಾವು ಹೇಳುವುದಿಲ್ಲ. ಚಿತ್ರಕ್ಕೆ ಒಂದು ನಿಲುವು ಬೇಕು. ಬರೆಯುವವನು ಎಲ್ಲಿಯಾದರೂ ಒಂದು ಕಡೆ ನಿಲ್ಲಲೇಬೇಕು. ಇವರೆಲ್ಲರೂ ನಿಂತುದು ಮುತ್ತಿಗೆ ಹಾಕಿದವರ ದಡದಲ್ಲಿ. ಆದಕಾರಣ ಇವರ ಚಿತ್ರಗಳಲ್ಲಿ ಕೋಟೆ ಯಾವಾಗಲೂ ಹೊಳೆಯ ಆಚೆಗೇ ಇರುತ್ತದೆ. ಒಳಗಿದ್ದವರಿಗೆ ಹೊಳೆಯಾಚೆ ಕಾಣುತ್ತಿದ್ದುದು ಏನು? ಡೇರೆಗಳ ಸಾಲು, ಹೊಗೆ ಉಗುಳುವ ಫಿರಂಗಿಯ ಬಾಯಿ, ದಿನದಿನಕ್ಕೂ ಹತ್ತಿರವಾಗುತ್ತಿದ್ದ ಮಣ್ಣಿನ ದಿಬ್ಬ. ಆ ದೃಶ್ಯವನ್ನು ಯಾವ ಸಂಪುಟವೂ ಅಚ್ಚುಹಾಕಲಿಲ್ಲ.

೧೭೯೯ರ ಗೆಲವಿನ ಸುದ್ದಿ ಇಂಗ್ಲೆಂಡನ್ನು ಮುಟ್ಟಿದಾಗ ಅಲ್ಲಿ ಶ್ರೀರಂಗಪಟ್ಟಣವೆಂಬ ಹೆಸರು ಮನೆಮಾತಾಯಿತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರು ವರ್ಷಗಳ ತರುಣನು ಸುಮಾರು ಆರು ವಾರಗಳಲ್ಲಿ ನೂರ ಇಪ್ಪತ್ತು ಅಡಿಗಳಷ್ಟು ಉದ್ದದ ಭಾರಿ ಪಟವೊಂದನ್ನು ಬರೆದು, ೧೮೦೦ರಲ್ಲಿ ಲಂಡನ್ನಿನ ಲೈಸಿಯಂ ಭವನದಲ್ಲಿ ಅರೆವೃತ್ತದಂತೆ ನಿಲ್ಲಿಸಿದನು. ಪೋರ್ಟರನೂ ಭರತಖಂಡವನ್ನು ಕಂಡವನಲ್ಲ. ಜನರು ಹಣ ಕೊಟ್ಟು ಒಳಗೆ ಹೋಗಿ, ಗೋಡೆ ಹತ್ತುವ ಸಿಪಾಯಿಗಳನ್ನೂ ಬೀಳುವ ಕೋಟೆಯನ್ನೂ ಕಂಡು ಬೆರಗಾಗಿ ಬಂದರು. ನಮ್ಮ ಕಾಲದ ಚಲಚ್ಚಿತ್ರವು ಮಾಡುವ ಕೆಲಸವನ್ನು ಆಗ ಇಂಥ ಪಟಗಳು ಮಾಡುತ್ತಿದ್ದುವು. ಆ ಪಟವು ಮುಂದೆ ಬೆಂಕಿಗೆ ಆಹುತಿಯಾಯಿತು; ಅದರಿಂದ ಮಾಡಿದ ಅಚ್ಚುಚಿತ್ರಗಳು ಮಾತ್ರ ಉಳಿದಿವೆ.

ಇದೇ ಉತ್ಸಾಹದ ನಡುವೆ ಟರ್ನರನ ಚಿತ್ರವೂ ಹುಟ್ಟಿತು. ಆದರೆ ಪೋರ್ಟರನಿಗೆ ವೀರರ ಮುಖಗಳು ಮುಖ್ಯವಾಗಿದ್ದರೆ, ಟರ್ನರನಿಗೆ ಬಯಲು, ನೀರು, ಹೊಗೆಗಳು ಮುಖ್ಯ. ಅಲ್ಲಿ ಮನುಷ್ಯರು ಚಿಕ್ಕವರು. ನೀರುಬಣ್ಣದ ಗುಣವೇ ಈ ಭಾವಕ್ಕೆ ಒಗ್ಗುವಂಥದು. ತೈಲವರ್ಣದಲ್ಲಿ ಬೆಳಕನ್ನು ತರಲು ಬಿಳಿಯ ಬಣ್ಣವನ್ನು ಹಚ್ಚುವರು. ನೀರುಬಣ್ಣದಲ್ಲಿ ಕಾಗದದ ಬಿಳುಪನ್ನೇ ಬೆಳಕಾಗಿ ಬಿಡುವರು. ತೆಳುವಾದ ಬಣ್ಣದ ಒಂದು ಪದರದ ಮೇಲೆ ಮತ್ತೊಂದು ಪದರವನ್ನು ಹರಿಸಿದರೆ ಹೊಗೆಯೆಲ್ಲಿ ಮುಗಿದು ಮೋಡವೆಲ್ಲಿ ಮೊದಲಾಯಿತೆಂಬುದು ತಿಳಿಯದಂತಾಗುತ್ತದೆ. ಸಾವಿರಾರು ಜನರು ಸತ್ತ ಒಂದು ಮಧ್ಯಾಹ್ನವು ಹೀಗೆ ಕಣ್ಣಿಗೆ ತಂಪಾದ ಒಂದು ದೃಶ್ಯವಾಯಿತು. ಕಲೆಯ ಶಕ್ತಿಯೂ ಅದರ ಅಪಾಯವೂ ಇಲ್ಲಿ ಒಂದೇ ಕಡೆ ನಿಂತಿವೆ.

ಹಾಗಾದರೆ ಒಳಗಿನ ದಡದವರು ಚಿತ್ರವನ್ನೇ ಬರೆಯಲಿಲ್ಲವೆ? ಬರೆದರು. ಅದನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಶ್ರೀರಂಗಪಟ್ಟಣದಲ್ಲಿ, ಕಾವೇರಿಯ ಬದಿಯಲ್ಲಿಯೇ, ಟಿಪ್ಪುವು ೧೭೮೪ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ ೧೭೮೦ನೆಯ ಸೆಪ್ಟೆಂಬರ್ ೧೦ರ ಪೊಲ್ಲಿಲೂರಿನ ಯುದ್ಧವನ್ನು ಚಿತ್ರಿಸಿದೆ. ಕಾಂಚಿಯ ಹತ್ತಿರದ ಆ ಯುದ್ಧದಲ್ಲಿ ಹೈದರನೂ ಟಿಪ್ಪುವೂ ಕೂಡಿ ಕರ್ನಲ್ ಬೇಲಿಯ ಪಡೆಯನ್ನು ನಿರ್ನಾಮಮಾಡಿದರು. ಗೋಡೆಯ ಚಿತ್ರದಲ್ಲಿ ಇಂಗ್ಲಿಷರ ಪಡೆ ಚೌಕವಾಗಿ ಮುದುಡಿ ನಿಂತಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಬೇಲಿಯು ಪಲ್ಲಕ್ಕಿಯೊಳಗೆ ಬೆರಳನ್ನು ಬಾಯಿಗಿಟ್ಟುಕೊಂಡು ಕುಳಿತಿದ್ದಾನೆ. ಮೈಸೂರಿನ ಕುದುರೆಗಳು ನಾಲ್ಕೂ ಕಡೆಯಿಂದ ನುಗ್ಗುತ್ತಿವೆ. ಇಲ್ಲಿ ಒಂದು ನಿಲುವಿನಿಂದ ಕಾಣುವ ದೂರದ ನೋಟವಿಲ್ಲ, ಮಂಜಿಲ್ಲ, ಮುಸುಕಿಲ್ಲ. ಯುದ್ಧವನ್ನೆಲ್ಲ ಗೋಡೆಯ ಮೇಲೆ ಹಾಸಿ ತೋರಿಸಿದೆ. ರುಂಡಮುಂಡಗಳು ಬೇರೆಬೇರೆಯಾಗಿಯೇ ಕಾಣುತ್ತವೆ.

ಈ ಚಿತ್ರವೂ ಗೆದ್ದವನ ಚಿತ್ರವೇ ಎಂಬುದನ್ನು ಮರೆಯಬಾರದು. ಸೋತವರ ಸಂಕಟವು ಇಲ್ಲಿ ಪರಿಹಾಸ್ಯದ ವಸ್ತು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿದ ಬೇಲಿಯು ೧೭೮೨ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಸತ್ತನು. ಅದೇ ಯುದ್ಧದಲ್ಲಿ ಗಾಯಗೊಂಡು ಸೆರೆಯಾಗಿ, ೧೭೮೪ರವರೆಗೆ ಅದೇ ಪಟ್ಟಣದಲ್ಲಿ ಬಂಧನವನ್ನನುಭವಿಸಿದ ಇನ್ನೊಬ್ಬನು ಡೇವಿಡ್ ಬೇರ್ಡ್. ೧೭೯೯ರ ಮೇ ನಾಲ್ಕರಂದು ಹೊಳೆ ದಾಟಿದ ಪಡೆಗಳ ನಾಯಕನು ಇವನೇ. ಗೋಡೆಯ ಚಿತ್ರದ ಕಥೆಯು ನೀರುಬಣ್ಣದ ಚಿತ್ರದ ಕಥೆಗೆ ಹೀಗೆ ಒಬ್ಬ ಮನುಷ್ಯನ ಆಯುಸ್ಸಿನ ಮೂಲಕ ಕೂಡಿಕೊಂಡಿದೆ. ಕೋಟೆ ಬಿದ್ದ ಮೇಲೆ ದರಿಯಾ ದೌಲತ್ತಿನಲ್ಲಿ ವಾಸಮಾಡಿದ ಆರ್ಥರ್ ವೆಲ್ಲೆಸ್ಲಿಯು ಮಾಸಿಹೋಗಿದ್ದ ಆ ಗೋಡೆಯ ಚಿತ್ರಗಳನ್ನು ಸರಿಪಡಿಸಿದನು. ಅರ್ಧ ಶತಮಾನವಾದ ಮೇಲೆ ಲಾರ್ಡ್ ಡಾಲ್‌ಹೌಸಿಯೂ ಅವುಗಳ ಜೀರ್ಣೋದ್ಧಾರಕ್ಕೆ ಆಜ್ಞೆಮಾಡಿದನು. ತಮ್ಮವರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಕಾಪಾಡಿದುದು ಅವರಿಗೆ ಭೂಷಣ. ಗೆಲವು ಪೂರ್ಣವಾದ ಮೇಲೆ ಅಂಥ ಔದಾರ್ಯವು ಸುಲಭವೆಂಬ ಮಾತೂ ಇಲ್ಲದಿಲ್ಲ.

ಶಿವಮೊಗ್ಗೆಯ ಆಲ್ಕೊಳದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನಮಗೆ ಕಾವೇರಿಗಿಂತ ತುಂಗೆ ಹತ್ತಿರ. ಅದೇ ಯುದ್ಧವು ತುಂಗೆಯ ದಡಕ್ಕೂ ಬಂದಿದ್ದಿತು. ೧೭೯೧ರ ಕೊನೆಯಲ್ಲಿ, ಕಾರ್ನ್‌ವಾಲಿಸನು ಎರಡನೆಯ ಸಲದ ಮುತ್ತಿಗೆಗೆ ಸಿದ್ಧನಾಗುತ್ತಿದ್ದಾಗ, ಅವನ ಮಿತ್ರನಾದ ಮರಾಠಾ ಸರದಾರ ಪರಶುರಾಮ ಭಾವುವು ಈ ಸೀಮೆಯನ್ನು ಹೊಕ್ಕನು. ಕ್ಯಾಪ್ಟನ್ ಲಿಟಲ್ ಎಂಬವನ ಕೈಕೆಳಗೆ ಮುಂಬಯಿಯ ಒಂದು ಚಿಕ್ಕ ಪಡೆ ಅವನೊಡನಿದ್ದಿತು. ಹೊಳೆಹೊನ್ನೂರು ಮೊದಲು ಬಿದ್ದಿತು. ಟಿಪ್ಪುವಿನ ಸೇನಾನಿ ರಜಾ ಸಾಹೇಬನು ಶಿವಮೊಗ್ಗೆಯ ಬಳಿ ತುಂಗೆಯನ್ನು ಒಂದು ಪಕ್ಕಕ್ಕೂ ಕಾಡುಗುಡ್ಡವನ್ನು ಇನ್ನೊಂದು ಪಕ್ಕಕ್ಕೂ ಆಸರೆಯಾಗಿ ಮಾಡಿಕೊಂಡು ಪಾಳೆಯವಿಳಿದಿದ್ದನು. ಡಿಸೆಂಬರ್ ೨೯ರಂದು ಲಿಟಲನ ಪಡೆ ಆ ಕಾಡನ್ನು ಹೊಕ್ಕು ಕೈಕೈ ಮಿಲಾಯಿಸಿ ಕಾದಿ, ರಜಾ ಸಾಹೇಬನನ್ನು ಅಲ್ಲಿಂದೆಬ್ಬಿಸಿತು. ಕೆಲವು ದಿನಗಳಲ್ಲಿ ಶಿವಮೊಗ್ಗೆಯ ಕೋಟೆಯೂ ಶರಣಾಯಿತು. ಆ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣಾಧಿಕಾರಿಯು ಅದರ ದಂಡಯಾತ್ರೆಯ ವೃತ್ತಾಂತವನ್ನು ೧೭೯೪ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಹೀಗೆ ಕಾವೇರಿಗೆ ದೊರೆತುದು ಕುಂಚವಾದರೆ, ತುಂಗೆಗೆ ದೊರೆತುದು ಲೇಖನಿ.

ಇನ್ನೊಂದು ಬಗೆಯ ಲೇಖನಿಯೂ ತುಂಗೆಗೆ ದೊರೆಯಿತು. ಅದೇ ೧೭೯೧ರಲ್ಲಿ ಮರಾಠರ ದಂಡಿಗೆ ಸೇರಿದ ಕುದುರೆಯ ಕೊಳ್ಳೆಗಾರರು ತುಂಗಾತೀರದ ಶೃಂಗೇರಿಯ ಮೇಲೆ ಬಿದ್ದು, ಜನರನ್ನು ಕೊಂದು, ಮಠದ ಐಶ್ವರ್ಯವನ್ನು ಸೂರೆಮಾಡಿ, ಶಾರದೆಯ ವಿಗ್ರಹವನ್ನೂ ಕಿತ್ತರು. ಶ್ರೀ ಸಚ್ಚಿದಾನಂದ ಭಾರತಿಗಳು ಕಾರ್ಕಳಕ್ಕೆ ಹೋಗಿ ನಿಲ್ಲಬೇಕಾಯಿತು. ಆಗ ಸ್ವಾಮಿಗಳಿಗೂ ಟಿಪ್ಪು ಸುಲ್ತಾನನಿಗೂ ನಡೆದ ಪತ್ರವ್ಯವಹಾರದ ಕನ್ನಡ ಕಾಗದಗಳನ್ನು ೧೯೧೬ರಲ್ಲಿ ಮೈಸೂರಿನ ಪ್ರಾಕ್ತನ ವಿಮರ್ಶೆಯ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಪವಿತ್ರಸ್ಥಳಕ್ಕೆ ದ್ರೋಹವೆಸಗಿದವರ ಬಗೆಗೆ ಸುಲ್ತಾನನು ಕೋಪವನ್ನು ಸೂಚಿಸಿ, ದೇವಿಯ ಪುನಃಪ್ರತಿಷ್ಠೆಗಾಗಿ ಇನ್ನೂರು ರಹತಿ ನಗದನ್ನೂ ಇನ್ನೂರು ರಹತಿ ಬೆಲೆಯ ದವಸವನ್ನೂ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಅಪ್ಪಣೆಮಾಡಿದ ಸಂಗತಿಯು ಅವುಗಳಿಂದ ತಿಳಿದಿದೆ. ಮೂರ್ ಸಾಹೇಬನ ಪುಸ್ತಕವೊಂದನ್ನೇ ಓದಿದವರಿಗೆ ಆ ವರ್ಷದ ತುಂಗಾತೀರವು ದಂಡುಗಳ ಹಾದಿ. ಈ ಕಾಗದಗಳನ್ನು ಓದಿದವರಿಗೆ ಅದು ಊರು ಬಿಟ್ಟು ಓಡಿದವರ, ಬರಿದಾದ ಗುಡಿಯ ಮುಂದೆ ನಿಂತವರ ದಡವೂ ಹೌದು.

ಯುದ್ಧಕಾಲದ ಚಿತ್ರಗಳನ್ನು ನೋಡುವವರು ಈ ಎರಡು ನದಿಗಳ ಕಥೆಯಿಂದ ಕಲಿಯಬೇಕಾದುದು ಇಷ್ಟು. ಚಿತ್ರವನ್ನು ತಿರಸ್ಕರಿಸಬೇಕಾಗಿಲ್ಲ; ಪರಕೀಯನು ಬರೆದುದೆಂದು ಅದು ಸುಳ್ಳಾಗದು, ನಮ್ಮವನು ಬರೆದುದೆಂದು ನಿಜವೂ ಆಗದು. ಮೊದಲು ಕೇಳತಕ್ಕ ಪ್ರಶ್ನೆ, ಬರೆದವನು ಎಲ್ಲಿ ನಿಂತಿದ್ದನು ಎಂಬುದು. ಎರಡನೆಯದು, ಅವನು ಯಾರಿಗಾಗಿ ಬರೆದನು ಎಂಬುದು: ಮೇಲಧಿಕಾರಿಗೋ, ಲಂಡನ್ನಿನ ಕೊಳ್ಳುವವರಿಗೋ, ಅರಮನೆಗೆ ಬರುವ ಅತಿಥಿಗಳಿಗೋ. ಮೂರನೆಯದು, ಅವನ ಬೆನ್ನ ಹಿಂದೆ ಏನಿತ್ತು ಎಂಬುದು. ಹ್ಯೋಮನ ಬೆನ್ನ ಹಿಂದೆ ಸಾಯುತ್ತಿದ್ದ ಎತ್ತುಗಳಿದ್ದುವು, ಹಸಿದ ಕೂಲಿಗಳಿದ್ದರು. ದರಿಯಾ ದೌಲತ್ತಿನ ಚಿತ್ರಗಾರರ ಬೆನ್ನ ಹಿಂದೆ ಸಂಕೋಲೆ ತೊಟ್ಟ ಸೆರೆಯಾಳುಗಳಿದ್ದರು. ಚಿತ್ರವನ್ನೂ ವೃತ್ತಾಂತವನ್ನೂ ಕಾಗದಪತ್ರವನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗಲೇ ಚರಿತ್ರೆಯ ಹೊಳೆಗೆ ಎರಡೂ ದಡಗಳು ದೊರೆಯುವುದು.

ಟರ್ನರನು ಬರೆದ ಕಾವೇರಿ ಈಗ ಅಲ್ಲಿಲ್ಲ. ಕೋಟೆ ಬಿದ್ದ ಐದು ವರ್ಷಗಳೊಳಗೆ ದಿವಾನ್ ಪೂರ್ಣಯ್ಯನವರು ಹೊಳೆಯ ಉತ್ತರದ ಕವಲಿಗೆ ಕಲ್ಲುಕಂಬಗಳ ಸೇತುವೆಯನ್ನು ಕಟ್ಟಿಸಿ, ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಟ್ಟರು. ೧೯೧೧ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆ ಎರಡು ದಶಕಗಳಲ್ಲಿ ಮುಗಿದು, ಬೇಸಗೆಯ ಹೊಳೆಗೂ ಮುಂಗಾರಿನ ಹೊಳೆಗೂ ಇದ್ದ ಆ ಭಯಂಕರ ಭೇದವನ್ನು ಬಹುಮಟ್ಟಿಗೆ ತನ್ನ ಬಾಗಿಲುಗಳೊಳಗೆ ಹಿಡಿದಿಟ್ಟಿತು. ಕಾರ್ನ್‌ವಾಲಿಸನು ಫಿರಂಗಿಗಳನ್ನು ಮುರಿದ ಕನ್ನಂಬಾಡಿಯಲ್ಲಿಯೇ ಕಾವೇರಿಗೆ ಕಟ್ಟೆ ಹಾಕಲು ಟಿಪ್ಪುವೂ ಯೋಚಿಸಿದ್ದನೆಂಬುದು ಕಟ್ಟೆಯ ಕೆಲಸದ ಕಾಲದಲ್ಲಿ ದೊರೆತ ಪಾರಸೀ ಶಾಸನದಿಂದ ತಿಳಿದುಬಂದಿದೆ. ಗೋಡೆ ಒಡೆದ ಜಾಗದಲ್ಲಿ ೧೯೦೭ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಸ್ಮಾರಕಸ್ತಂಭವೊಂದಿದೆ. ಅದರ ಮೇಲೆ ಕೆತ್ತಿರುವುದು ಹೊಳೆ ದಾಟಿ ಬಂದು ಮಡಿದವರ ಸ್ಮರಣೆ.

ಅಲ್ಲಿಗೆ ಹೋಗುವವರಲ್ಲಿ ನಮ್ಮದೊಂದು ಬಿನ್ನಹ. ಸ್ತಂಭದ ಬಳಿಯಲ್ಲಿ ನಿಂತು ಪಶ್ಚಿಮಕ್ಕೆ ಮುಖಮಾಡಿ ಹೊಳೆಯನ್ನು ನೋಡಿರಿ. ಬಂಡೆಗಳು ಇನ್ನೂ ಇವೆ. ಆಚೆ ದಡದಲ್ಲಿ ಈಗ ಹಸುರು ಗದ್ದೆ. ಟರ್ನರನ ಚಿತ್ರವನ್ನು ಮನಸ್ಸಿಗೆ ತಂದುಕೊಂಡು, ಅದನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ ನೋಡಿರಿ. ನೂರಾರು ಸಲ ಬರೆಯಲ್ಪಟ್ಟ ಈ ಹೊಳೆಯನ್ನು ಆ ದಡದಿಂದ ಈಗಲಾದರೂ ಯಾರಾದರೂ ತರುಣರು, ರೀವ್ಸನ ಪೆಟ್ಟಿಗೆಯ ಮರಿಮಕ್ಕಳಾದ ಶಾಲೆಯ ಬಣ್ಣದ ಬಿಲ್ಲೆಗಳಿಂದಲೇ ಆಗಲಿ, ಬರೆದರೆ ಆ ದಿನ ಒಳಗಿದ್ದವರ ನೋಟಕ್ಕೂ ಒಂದು ಹಾಳೆ ದೊರೆತಂತಾಗುವುದು.